ಎರೆ ಹೊಲದ ಬಿರುಕು

ನೋಡುವುದು ನನಗೆ ಬರುತ್ತದೆ ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಇದೆ. ಬನಹಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು ನಾನು. ಉಳಿದವರಿಗೆ ಬರೀ ಕಣ್ಣುಗಳಿವೆ, ನನಗೆ ದೃಷ್ಟಿ ಇದೆ ಎಂದು ನಂಬಿಕೊಂಡಿದ್ದೆ. ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುವ ಹುಚ್ಚು ಹತ್ತಿದ ಮೇಲಂತೂ ಕೇಳಲೇಬೇಡಿ. ಬಣ್ಣ ತೆಗೆದರೇನೇ ವಸ್ತುವಿನ ಮೈ ಕಾಣುವುದು ಎಂದು ಸ್ಟಾಫ್ ರೂಮಿನಲ್ಲಿ ದಿನಾ ಹೇಳಿ ಹೇಳಿ, ನಾನು ಒಳಗೆ ಕಾಲಿಟ್ಟರೆ ಸಹೋದ್ಯೋಗಿಗಳಿಗೆ ತಟ್ಟನೆ ತಮ್ಮ ಕ್ಲಾಸು ನೆನಪಾಗುತ್ತಿತ್ತು. ಬೇವಿನ ತೊಗಟೆ, ಕಬ್ಬಿನ ಗಣಿಕೆ, ಎಮ್ಮೆಯ ಬೆನ್ನ ಮೇಲೆ ಒಣಗಿದ ರಾಡಿ, ಯಾವುದನ್ನೂ ಬಿಡಲಿಲ್ಲ. ಬೇಸಿಗೆಯಲ್ಲಿ ಬೀಳಗಿ ಕಡೆಯ ಕಪ್ಪು ಎರೆಮಣ್ಣಿನ ಹೊಲಗಳಲ್ಲಿ ಮಂಡಿಯೂರಿ ನೆಲದ ಬಿರುಕು ಸೆರೆಹಿಡಿಯುತ್ತಿದ್ದರೆ, ನಾನೇನೋ ಕಳೆದುಕೊಂಡಿದ್ದೇನೆಂದು ಹೊಲದವರೂ ಬಂದು ಹುಡುಕುತ್ತಿದ್ದರು.

ಮೊನ್ನೆ ಜಮಖಂಡಿಯಲ್ಲಿ ಗೆಳೆಯರೆಲ್ಲ ಸೇರಿ ಫೋಟೋ ಪ್ರದರ್ಶನ ಇಟ್ಟೆವು. ಆರಿಸಲು ಕೂತಾಗ ಫೋನಿನಲ್ಲಿದ್ದ ಒಂದು ಬಿರುಕು ನನ್ನನ್ನು ಹಿಡಿದು ನಿಲ್ಲಿಸಿತು. ಆಳವಾದ ಗೆರೆಗಳು, ನಡುವೆ ಒಂದು ಬಿಳಿಯ ಕಲೆ. ಯಾವ ಹೊಲದ್ದೆಂದು ನೆನಪಾಗಲಿಲ್ಲ. ದೊಡ್ಡದು ಮಾಡಿಸಿ, 'ಬಾಯಾರಿದ ಭೂಮಿ' ಎಂದು ಹೆಸರಿಟ್ಟು, ಬಾಗಿಲೆದುರಿಗೇ ತೂಗುಹಾಕಿಸಿದೆ.

ಜನ ಸೇರಿದರು. ಆ ಬಿಳಿಯ ಕಲೆ ನೆಲದೊಳಗಿಂದ ಮೇಲೆದ್ದು ಒಣಗಿದ ಉಪ್ಪು, ಅಂದರೆ ಸವುಳು ಎಂದು ನಾನು ವಿವರಿಸುತ್ತಿದ್ದೆ. ಲೋಕಾಪುರದ ರೈತರೊಬ್ಬರು ತಲೆ ಓರೆ ಮಾಡಿ ನೋಡಿದರು.

"ಮಾಸ್ತರ್ರ, ಎರಿ ಹೊಲದ ಬಿರುಕು ಒಂದಕ್ಕೊಂದು ಕೂಡ್ತಾವರಿ. ಇವು ಎಲ್ಲಾ ಒಂದ ದಿಕ್ಕಿಗೆ ಹೊಂಟಾವಲ್ಲರಿ. ಯಾವೂರ ಹೊಲಾರಿ ಇದು?"

ಕಲಾಕೃತಿಯನ್ನು ನೋಡುವ ರೀತಿಯೇ ಬೇರೆ ಎಂದು ಅವರಿಗೆ ತಿಳಿಹೇಳಿದೆ. ಅಷ್ಟರಲ್ಲಿ ಹೊಸ ಸೀರೆ ಉಟ್ಟು ಬಂದಿದ್ದ ನನ್ನ ಹೆಂಡತಿ ಮಹಾದೇವಿ ಫೋಟೋದ ಹತ್ತಿರ ಹೋಗಿ ನಿಂತಳು.

"ಇದು ನನ್ನ ಹಿಮ್ಮಡರಿ," ಎಂದಳು. "ಅದು ಸವುಳಲ್ಲ, ಮುಲಾಮ. ಔಷಧ ಕೇಳಾಕ ತೇರದಾಳದ ಅಕ್ಕಗ ಕಳಸೂದೈತಿ, ಒಂದ ಫೋಟೋ ತಗೀರಿ ಅಂದಿದ್ದೆ. ನೀವ ತಗದದ್ದು."

ಹೌದು, ತೆಗೆದಿದ್ದೆ. ಕಿಟಕಿಯಾಚೆ ಹುಣಸೆಮರದ ಮೇಲೆ ಬಿದ್ದ ಬಿಸಿಲನ್ನೇ ನೋಡುತ್ತಾ, ಹಿಮ್ಮಡಿಗೆ ತೀರ ಹತ್ತಿರ ಹಿಡಿದು ಒಂದು ಸಲ ಒತ್ತಿ, ಫೋನು ಅವಳ ಕೈಗೆ ಕೊಟ್ಟಿದ್ದೆ. ಸುತ್ತಲಿನವರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ರೈತರು ಮಾತ್ರ ಸಮಾಧಾನದಿಂದ, "ಅದಕ್ಕ ಕೇಳಿದ್ನಿರಿ, ಯಾವೂರ ಹೊಲಾ ಅಂತ," ಎಂದರು.

"ನಡದರ ಉರಿತೈತಿ ಅಂತ ಆರ ತಿಂಗಳಿಂದ ಹೇಳಾಕತ್ತೇನಿ," ಎಂದಳು ಮಹಾದೇವಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಏನಾದರೂ ಅಂದು ಬಚಾವಾಗುತ್ತಿದ್ದೆ. ಊರಿನ ಹೊಲದ ಬಿರುಕೆಲ್ಲ ಎಣಿಸಿದವನು ಮನೆಯೊಳಗೆ ಓಡಾಡುವ ಬಿರುಕಿನ ಗುರುತು ಹಿಡಿಯಲಿಲ್ಲವಲ್ಲ ಎಂದು ನನಗೇ ದಿಗಿಲಾಯಿತು.

ಮನೆಗೆ ಬಂದವನೇ ಮುಲಾಮಿನ ಡಬ್ಬಿ ಹಿಡಿದು ಪಡಸಾಲೆಯಲ್ಲಿ ಅವಳ ಕಾಲ ಬಳಿ ಕೂತೆ. ಮದುವೆಯಾದಾಗಿನಿಂದ ಅವಳ ಹಿಮ್ಮಡಿಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಒಂದು ಸೀಳಿನಲ್ಲಿ ರಕ್ತ ಒಸರಿ ಕೆಂಪಾಗಿತ್ತು. ಆ ಕೆಂಪು ನನ್ನ ಫೋಟೋದಲ್ಲಿ ಇರಲಿಲ್ಲ. ಕಣ್ಣು ಮಂಜಾಯಿತು. ಸಂಜೆಯ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಂದು ಅವಳ ಇನ್ನೊಂದು ಪಾದದ ಮೇಲೆ ಬಿತ್ತು. ಗೆರೆಗೆರೆಯೂ ಎದ್ದು ಕಂಡಿತು.

"ಮೊದಲ ಮುಲಾಮ ಹಚ್ಚರಿ," ಎಂದು ಮಹಾದೇವಿ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. ಆಗಲೇ ನನಗೆ ಗೊತ್ತಾದದ್ದು, ನನ್ನ ಕೈ ಜೇಬಿನೊಳಗಿನ ಫೋನಿನ ಮೇಲಿತ್ತು.