ಊರಿಗೆ ಸೀಟು ಸಿಕ್ಕಿದ ಕತೆ

ನಮ್ಮವರಿಗೆ ಅಮೆರಿಕದ ಇತಿಹಾಸ ತೋರಿಸಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ಕೈಮುಗಿದು ಬೇಡಿಕೊಂಡರೂ ನಿಲ್ಲುವುದಿಲ್ಲ.

ರಿಟೈರ್ ಆದಮೇಲೆ ಮೆಟುಚೆನ್‌ನ ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದ ನನಗೆ ನ್ಯೂಜೆರ್ಸಿಯ ಒಂದು ಪುಟ್ಟ ಊರಿನ ಮ್ಯೂಸಿಯಮ್ಮಿನಲ್ಲಿ ಗೈಡ್ ಕೆಲಸ ಸಿಕ್ಕಿತು. ಸಂಬಳವಿಲ್ಲ, ಆದರೂ ಮೂರು ಭಾನುವಾರ ಜನರನ್ನು ಕರೆತಂದು ಮ್ಯೂಸಿಯಮ್ ತೋರಿಸುವ ಪರೀಕ್ಷೆ. ಪರೀಕ್ಷಕಿ ಅಲ್ಲಿನ ಅಧ್ಯಕ್ಷೆ, ಊರು ಕಟ್ಟಿದವನ ವಂಶದವರು. ಫೇಲಾಗಿ ಹೋದರೆ ಹೆಂಡತಿ ಬಾಗಿಲು ತೆಗೆಯುತ್ತಾಳೆಂಬ ಖಾತ್ರಿ ನನಗಿರಲಿಲ್ಲ.

ಶೂ

ಮ್ಯೂಸಿಯಮ್ ಇರುವುದು ಊರು ಕಟ್ಟಿದವನ ಹಳೇ ಮನೆಯಲ್ಲೇ. ಮೊದಲ ಭಾನುವಾರ ಪ್ಲೇನ್ಸ್‌ಬರೋದಿಂದ ನಾನು ಕರೆತಂದ ಆರು ಮಂದಿ ಕನ್ನಡಿಗರು ಬಾಗಿಲಲ್ಲೇ ಶೂ ಬಿಟ್ಟರು. ಆ ರಾಶಿ ನೋಡಿ ಹಿಂದೆ ಬಂದ ಅಮೆರಿಕನ್ ಸಂಸಾರವೂ ಬಿಟ್ಟಿತು. ಕೊನೆಗೆ ಬಂದ ಅಧ್ಯಕ್ಷೆ, "ಈ ನಿಯಮ ಯಾವಾಗ ಬಂತು?" ಎಂದು ಕೇಳುತ್ತಲೇ ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು.

ಕುಟ್ಟಾಣಿ

ಎರಡನೇ ಭಾನುವಾರ ಗಾಜಿನ ಪೆಟ್ಟಿಗೆಯಲ್ಲಿದ್ದ ಕಬ್ಬಿಣದ ಕುಟ್ಟಾಣಿ ತೋರಿಸಿ, "ಊರು ಶುರುವಾದಾಗ ಹೆಂಗಸರು ಇದರಲ್ಲೇ ಕುಟ್ಟುತ್ತಿದ್ದರು," ಎಂದು ಗಂಭೀರವಾಗಿ ಹೇಳಿದೆ.

ಧಾರವಾಡದ ಆಂಟಿಯೊಬ್ಬರು ಮೂಗು ಮುರಿದರು. "ನಾ ಇವತ್ತ ಮುಂಜಾನೆ ಇಂಥಾದರಾಗ ಶುಂಠಿ ಕುಟ್ಟಿ ಬಂದೇನ್ರೀ. ನನ್ನೂ ಪೆಟ್ಟಿಗ್ಯಾಗ ಕೂಡಸ್ತೀರೇನು?"

ಎಲ್ಲರೂ ಗೊಳ್ಳೆಂದರು. ಅಧ್ಯಕ್ಷೆ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಒಂದು ಮಾರ್ಕು ಹೋಯಿತೆಂದು ನಾನೂ ಮನಸ್ಸಿನಲ್ಲೇ ಬರೆದುಕೊಂಡೆ.

ಸೀಟು

ಕೊನೆಯ ಭಾನುವಾರ ಬಂದವರು ಮೈಸೂರಿನ ಒಬ್ಬ ರಿಟೈರ್ಡ್ ಪ್ರಿನ್ಸಿಪಾಲರು. ಜನ್ಮವೆಲ್ಲ ಕಾಲೇಜು ಅಡ್ಮಿಶನ್ ನೋಡಿದವರು. ಅಧ್ಯಕ್ಷೆ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿಪಾಠ ಒಪ್ಪಿಸಿದೆ: "ಕೌಂಟಿ ಸೀಟು ಅಂದರೆ ನಮ್ಮ ಜಿಲ್ಲಾ ಕೇಂದ್ರದ ಹಾಗೆ. ಕೋರ್ಟು ತಮಗೇ ಬೇಕೆಂದು ಎರಡು ಊರು ಕಚ್ಚಾಡಿದವು. ಕೊನೆಗೆ ಯೋಗ್ಯತೆ ನೋಡಿ ಸೀಟು ಈ ಊರಿಗೆ ಕೊಟ್ಟರು."

ಪ್ರಿನ್ಸಿಪಾಲರು ಕನ್ನಡಕ ಇಳಿಸಿ ನೋಡಿದರು. "ನಿಜ ಹೇಳಪ್ಪ. ಮೆರಿಟ್ ಸೀಟೋ, ಡೊನೇಶನ್ ಸೀಟೋ?"

ಕನ್ನಡದಲ್ಲಿ ಕೇಳಿದರೂ ಮುಖ್ಯವಾದ ಮಾತೆಲ್ಲ ಇಂಗ್ಲಿಷೇ ಆಗಿದ್ದು ನನ್ನ ಕರ್ಮ. ಅಧ್ಯಕ್ಷೆಗೆ ತರ್ಜುಮೆ ಬೇಕಾಗಲಿಲ್ಲ, ಮುಖ ಕೆಂಪಾಯಿತು. ನನ್ನ ಕತೆ ಮುಗಿಯಿತು ಅಂದುಕೊಂಡೆ.

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಡೊನೇಶನ್. ಕೋರ್ಟಿಗೆ ಜಾಗ ನಮ್ಮ ಹಿರಿಯರೇ ಪುಕ್ಕಟೆ ಕೊಟ್ಟರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ." ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಇಂಥವರನ್ನು ಪ್ರತಿ ವಾರ ಕರೆತನ್ನಿ. ನಿಮ್ಮ ಕೆಲಸ ಖಾಯಂ!"

ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು. "ಅಂತೂ ನಿಂಗೂ ಸೀಟು ಸಿಕ್ತು. ಮೆರಿಟ್ಟೇ ತಾನೆ?"

"ಎಲ್ಲಿ ಸಾರ್," ಅಂದೆ, "ನಿಮ್ಮ ಇನ್‌ಫ್ಲುಯೆನ್ಸು!"