ರಾಹುಕಾಲಕ್ಕೆ ಮುಂಚೆ ತೆರೆಯಬೇಕಾಗಿದ್ದ ಲ್ಯಾಪ್‌ಟಾಪು

ಯಾರಾದರೂ ನಯವಾಗಿ ಏನನ್ನಾದರೂ ಕೇಳಿದರೆ ‘ಬೇಡ’ ಎನ್ನುವುದು ನನಗೆ ಈ ಜನ್ಮದಲ್ಲಿ ಒಲಿದ ವಿದ್ಯೆಯಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನು ಕಿಟಕಿಯ ಬಳಿ ನಿಂತು “ತಗೊಳ್ಳಿ ಸಾರ್, ಬಿಸಿ ಇದೆ” ಎಂದರೆ, ತೊಡೆಯ ಮೇಲೆ ಆಗಲೇ ಒಂದು ಪೊಟ್ಟಣ ಇದ್ದರೂ ಇನ್ನೊಂದಕ್ಕೆ ಕೈ ಚಾಚುತ್ತೇನೆ. ಮದುವೆಮನೆಯಲ್ಲಿ ಬಡಿಸುವವರು ಇನ್ನೊಂದು ಸೌಟು ಅಂದರೆ, ಎಲೆಗೆ ಅಡ್ಡ ಹಿಡಿಯಬೇಕಾದ ಕೈ ಮೇಲೇಳುವುದೇ ಇಲ್ಲ. ಇದರಿಂದ ನನ್ನ ಹೊಟ್ಟೆಗೆ ಏನಾಯಿತು ಎಂಬುದು ಎಲ್ಲರಿಗೂ ಕಾಣುತ್ತದೆ. ನನ್ನ ಹೊಸ ಲ್ಯಾಪ್‌ಟಾಪಿಗೆ ಏನಾಯಿತು ಎಂಬುದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಕಾಣಬೇಕಾದರೆ ಮೊದಲು ಅದು ತೆರೆದುಕೊಳ್ಳಬೇಕಿತ್ತಲ್ಲ.

ತಂದ ಮೊದಲ ದಿನ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತ್ತು. ಆಮೇಲೆ ನಾನು ಅದರೊಳಕ್ಕೆ ಒಂದೊಂದಾಗಿ ಸಾಮಾನು ತುಂಬತೊಡಗಿದೆ. ಅಮ್ಮನಿಗೆ ತಿಥಿ ನಕ್ಷತ್ರ ಕೂಗಿ ಹೇಳುವ ಪಂಚಾಂಗ ಬೇಕಿತ್ತು, ಅದು ಬಂತು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳ ಸಾಕುವ ನನ್ನ ಸೋದರಮಾವನಿಗೆ ಶಿಡ್ಲಘಟ್ಟ ಮಾರುಕಟ್ಟೆಯ ರೇಷ್ಮೆಗೂಡಿನ ರೇಟು ಬೇಕಿತ್ತು, ಅದೂ ಬಂತು. ನನಗೆ ಚದುರಂಗ, ಹವಾಮಾನ, ಪದಬಂಧ, ಎದೆಬಡಿತ ಎಣಿಸುವ ಯಾವುದೋ ಒಂದು, ಅದು ಯಾಕೆ ಬಂತೋ ನನಗೂ ತಿಳಿಯದು. ಬಂದದ್ದೆಲ್ಲವೂ ಬಾಗಿಲಲ್ಲೇ ನಿಂತು ಮರ್ಯಾದೆಯಿಂದ ಒಂದು ಮಾತು ಕೇಳುತ್ತಿತ್ತು: ಲ್ಯಾಪ್‌ಟಾಪು ಶುರುವಾದಾಗ ನಾನೂ ಜೊತೆಗೇ ಶುರುವಾಗಲೇ? ಅಷ್ಟು ವಿನಯವಾಗಿ ಕೇಳಿದರೆ ಇಲ್ಲ ಅನ್ನಲಾದೀತೇ? ಎಲ್ಲಕ್ಕೂ ಹೂಂ ಅಂದೆ. ತಿಂಗಳು ತುಂಬುವ ಹೊತ್ತಿಗೆ, ಬಟನ್ ಒತ್ತಿ, ಸ್ನಾನ ಮಾಡಿ, ತಿಂಡಿ ತಿಂದು ಬಂದರೂ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇರುತ್ತಿತ್ತು.

ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ನನಗೆ ಇದರಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಆದರೆ ಆ ಡಿಸೆಂಬರಿನಲ್ಲಿ ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಪವಿತ್ರ, ಶಾಲೆಯಲ್ಲಿ ಟೀಚರು. ನಾನೋ ನಲವತ್ತರ ಹೊಸ್ತಿಲಲ್ಲಿ ನಿಂತ ಬ್ರಹ್ಮಚಾರಿ. ಹೆಣ್ಣು ನೋಡಲು ಹೋಗಿ ಹೋಗಿ, ಕಣ್ಣುಕಟ್ಟಿ ಕೇಸರಿಬಾತ್ ತಿನ್ನಿಸಿದರೂ ಅದು ಯಾವ ತಾಲ್ಲೂಕಿನದೆಂದು ಹೇಳಬಲ್ಲವನಾಗಿದ್ದೆ. ಫೋಟೋದಲ್ಲಿ ಪವಿತ್ರಳ ನಗು ನೋಡಿದ ಮೇಲೆ ಮಾತ್ರ ನನಗೆ ಕೇಸರಿಬಾತಿನ ಯೋಚನೆಯೇ ಬರಲಿಲ್ಲ. ಈ ಹುಡುಗಿ ಒಪ್ಪದಿದ್ದರೆ ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ. ಅವರ ಮನೆಯವರು ಹೊಸಕಾಲದವರು. ಮೊದಲು ವಿಡಿಯೋದಲ್ಲಿ ನೋಡಿ ಮಾತಾಡೋಣ, ಒಪ್ಪಿಗೆಯಾದರೆ ಬನ್ನಿ ಅಂದರು. ಭಾನುವಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತಾಯಿತು.

“ನಾಲ್ಕೂವರೆಗೆ ರಾಹುಕಾಲ ಕಣೋ ಗೋಪಿ,” ಅಂದರು ಅಮ್ಮ. “ಅಷ್ಟರೊಳಗೆ ಮುಖ ನೋಡ್ಕೊಂಡಿರ್ಬೇಕು. ಆಮೇಲೆ ನೋಡಿದ್ರೆ ನೋಡ್ದಂಗೇ.”

ಫೋನಿನಲ್ಲೇ ಮಾತಾಡಿಬಿಡಬಹುದಿತ್ತು. ಆದರೆ ಅಂಗೈಯಗಲದ ಫೋನಿನಲ್ಲಿ ಹೆಣ್ಣು ನೋಡುವುದು ಮನೆತನಕ್ಕೆ ತಕ್ಕದ್ದಲ್ಲ ಎಂದು ಮಾವನ ಅಭಿಪ್ರಾಯ. ಮೇಲಾಗಿ “ಹುಡುಗನ ಹತ್ರ ಹೊಸ ಲ್ಯಾಪ್‌ಟಾಪ್ ಇದೆ” ಎಂದು ಅವರೇ ಗೌರಿಬಿದನೂರಿನವರ ಮುಂದೆ ಕೊಚ್ಚಿಕೊಂಡಿದ್ದರು. ಭಾನುವಾರ ನಾನು ಎರಡೂವರೆಗೇ ಬಟನ್ ಒತ್ತಿ ಕೂರಬೇಕೆಂದಿದ್ದೆ. ಅಮ್ಮ ಬಿಡಲಿಲ್ಲ. ಒಳ್ಳೆಯ ಕೆಲಸಕ್ಕೆ ಮೊದಲು ಪೂಜೆಯಾಗಬೇಕಿತ್ತು. ಮುಚ್ಚಳಕ್ಕೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಬಲಗಡೆ ಹೂ ಬೀಳಲಿ ಎಂದು ಅಮ್ಮ ಕಾದರು. ಫ್ಯಾನು ಹಾಕಬಾರದು, ಅದು ಮೋಸವಾಗುತ್ತದಂತೆ. ಹೂ ತಾನಾಗಿ ಬೀಳುವ ಹೊತ್ತಿಗೆ ನಾಲ್ಕು ಹೊಡೆಯುತ್ತಿತ್ತು.

ಬಟನ್ ಒತ್ತಿದೆ. ಚಕ್ರ ಸುತ್ತಿತು. ಹಾಗೂ ಹೀಗೂ ಕರೆಯ ಗುಂಡಿ ಕಾಣಿಸಿತು, ಅದನ್ನೂ ಒತ್ತಿದೆ. ಪರದೆ ಬೆಳ್ಳಗಾಗಿ, ಇನ್ನೊಂದು ಚಕ್ರ ಶುರುವಾಯಿತು. ನಾನು ಎರಡನೇ ಸಲ ಒತ್ತಲು ಬೆರಳು ಎತ್ತಿದೆ.

“ಉಂಡ್ರಾ,” ಅಂದರು, ಇದಕ್ಕೆಂದೇ ಊರಿನಿಂದ ಬಂದು ಪಕ್ಕದಲ್ಲಿ ಕೂತಿದ್ದ ಮಾವ. ಗಾಬರಿಯಾದಾಗ ‘ತಡಿಯೋ’ ಎನ್ನುವ ಮಾತು ಅವರ ಬಾಯಲ್ಲಿ ತೆಲುಗಿನಲ್ಲೇ ಬರುತ್ತದೆ. “ಮುಟ್ಬೇಡ. ಅದು ಜ್ವರಕ್ಕೆ ಕೂತೈತೆ.”

ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳವನ್ನು ಯಾರೂ ಕೆಣಕಬಾರದು. ಮಾವ ಜೀವಮಾನವೆಲ್ಲ ಆ ಜ್ವರ ಕಾದವರು. ಲ್ಯಾಪ್‌ಟಾಪಿನ ಮುಖ ನೋಡಿಯೇ ಅವರಿಗೆ ಗುರುತು ಸಿಕ್ಕಿತ್ತು. “ಚಳಿಗೆ ಹಿಂಗಾಗ್ತದೆ. ಬೆಚ್ಚಗಿಟ್ರೆ ಬೇಗ ಏಳ್ತದೆ,” ಎಂದವರೇ ಹೆಗಲ ಮೇಲಿದ್ದ ಶಾಲು ತೆಗೆದು, ಪರದೆಯೊಂದನ್ನು ಬಿಟ್ಟು, ಹಿಂದೆ, ಮುಂದೆ, ಕೆಳಗೆ ಎಲ್ಲ ಬಾಣಂತಿಗೆ ಸುತ್ತುವಂತೆ ಸುತ್ತಿಬಿಟ್ಟರು. ಒಳಗೆ ಫ್ಯಾನು ಏದುಸಿರು ಬಿಡತೊಡಗಿತು. “ನೋಡು, ಉಸಿರು ಬಂತು,” ಅಂದರು ಮಾವ.

ಆಗ ಪರದೆಯ ಮೇಲಂಚಿನಲ್ಲಿ ಒಂದು ಪುಟ್ಟ ದೀಪ ಹೊತ್ತಿಕೊಂಡಿತು. ಅದು ಏನೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಅಮ್ಮ ಶುಭಸೂಚನೆ ಎಂದು ಭಕ್ತಿಯಿಂದ ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದರು. ಚಕ್ರ ಮಾತ್ರ ಸುತ್ತುತ್ತಲೇ ಇತ್ತು. ಗಡಿಯಾರದ ಮುಳ್ಳು ಕೆಳಗಿಳಿಯುತ್ತಿತ್ತು. ಬಟನ್ ಒತ್ತಿದ ಗಳಿಗೆಯನ್ನೇ ಮುಹೂರ್ತ ಅಂದುಕೊಳ್ಳಬಹುದೇ ಎಂದು ನಾನು ಕೇಳಿದೆ. “ಚೌಟ್ರಿ ಬಾಗಿಲು ತೆಗ್ದಿದ್ದನ್ನ ತಾಳಿ ಕಟ್ಟಿದ್ದು ಅಂತಾರೇನೋ?” ಅಂದರು ಅಮ್ಮ. ನಾನು ಪರದೆಗೆ ಮುಖವಿಟ್ಟು ಬೇಡಿಕೊಂಡೆ: “ತಾಯಿ, ನಿನ್ನ ದಮ್ಮಯ್ಯ ಅಂತೀನಿ, ಇವತ್ತೊಂದಿನ ಬೇಗ ತೆಗಿ. ಆ ಹುಡುಗಿ ನಂಗೆ ತುಂಬಾ ಇಷ್ಟ ಆಗಿದಾಳೆ. ನಾಳೆಯಿಂದ ಬೇಕಾದ್ರೆ ಮಧ್ಯಾಹ್ನದ ತನಕ ಮಲ್ಕೋ, ಏನೂ ಕೇಳಲ್ಲ.” ಅದು ಒಲಿಯಲಿಲ್ಲ. ತಡೆಯಲಾರದೆ ಬಡಿಯಲೆಂದು ಕೈ ಎತ್ತಿದೆ.

“ಬಡಿಬೇಡ್ವೋ, ವಾರಂಟಿ ಹೋಗ್ತದೆ,” ಅಂದರು ಮಾವ. ನಾನು ಕೈ ಇಳಿಸಿ, ಮಡಿಲಲ್ಲಿಟ್ಟುಕೊಂಡು, ಬುದ್ಧಿವಂತ ಮಗುವಿನ ಹಾಗೆ ಕೂತೆ.

ಆಗ ಪರದೆ ತೆರೆದುಕೊಂಡಿತು. ಗೌರಿಬಿದನೂರಿನ ಇಡೀ ಸಂಸಾರ ಸಾಲಾಗಿ ಸೋಫಾದ ಮೇಲೆ ಕೂತಿತ್ತು. ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ನಡುವೆ ಕೂತಿದ್ದ ಪವಿತ್ರಳ ಭುಜ ನಗುವಿಗೆ ಕುಲುಕುತ್ತಿತ್ತು. ಚಕ್ರ ಸುತ್ತುತ್ತಿದ್ದದ್ದು ನಮ್ಮ ಕಡೆ ಮಾತ್ರವಂತೆ. ಕ್ಯಾಮೆರಾದ ಆ ದೀಪ ಹೊತ್ತಿದಾಗಿನಿಂದ ನಮ್ಮ ಮುಖ, ನಮ್ಮ ಮಾತು ಎಲ್ಲವೂ ಸ್ವಚ್ಛವಾಗಿ ಅವರ ಮನೆ ತಲುಪಿತ್ತು. ಅಮ್ಮ ಕೈ ಮುಗಿದಾಗ ಅವರೆಲ್ಲ ಎದ್ದು ನಿಂತು ಕೈ ಮುಗಿದಿದ್ದರಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ನಾನು ಹೂಂ ಅಂದಿದ್ದ ಅತಿಥಿಗಳೆಲ್ಲ ಒಟ್ಟಿಗೆ ಎದ್ದು ಬಂದರು. ಪವಿತ್ರಳ ಹಣೆಯ ಮೇಲೆ ಗೂಡಿನ ರೇಟು ಹರಿದಾಡಿತು, ಅವಳ ತಂದೆಯ ಎದೆಯ ಮೇಲೆ ಚದುರಂಗದ ಮಣೆ ಬಿಚ್ಚಿಕೊಂಡಿತು, ಪಂಚಾಂಗವು ಗಂಟಲು ಸರಿಮಾಡಿಕೊಂಡು “ರಾಹುಕಾಲ ಆರಂಭ” ಎಂದು ಘೋಷಿಸಿತು.

ಅಮ್ಮನ ಮುಖ ಸಣ್ಣದಾಯಿತು. ಆ ಕಡೆಯಿಂದ ಪವಿತ್ರಳ ತಾಯಿಯೇ ಸಮಾಧಾನ ಹೇಳಿದರು: “ಯೋಚ್ನೆ ಮಾಡ್ಬೇಡ್ರಮ್ಮ. ನಾವು ನಿಮ್ಮನ್ನ ರಾಹುಕಾಲಕ್ಕೆ ಮುಂಚಿಂದ್ಲೇ ನೋಡ್ತಾ ಇದೀವಿ. ಎಲ್ಲಾ ಒಳ್ಳೇ ಟೈಮಲ್ಲೇ ಆಗೈತೆ.”

ಪವಿತ್ರ ನನ್ನೊಡನೆ ಆಡಿದ ಮೊದಲ ಮಾತು “ಮೊದ್ಲು ಆ ಶಾಲು ತೆಗೀರಿ, ಅದಕ್ಕೆ ಸೆಕೆ ಆಗ್ತಿದೆ” ಎಂಬುದು. ಎರಡನೆಯದು “ಟಾಸ್ಕ್ ಮ್ಯಾನೇಜರ್ ತೆಗೀರಿ.” ಅದರಲ್ಲಿ ಸ್ಟಾರ್ಟಪ್ ಎಂಬ ಕಡೆ ಒತ್ತಿಸಿದಳು. ನನ್ನ ಅತಿಥಿಗಳೆಲ್ಲ ಪಂಕ್ತಿಯಲ್ಲಿ ಕೂತಿದ್ದರು.

“ಇಷ್ಟು ಜನಾನ ಯಾರ್ರಿ ಕೂರಿಸಿದ್ದು?”

“ಕೇಳಿದ್ವು, ಹೂಂ ಅಂದೆ.”

“ಕೇಳಿದೋರಿಗೆಲ್ಲ ಹೂಂ ಅಂತೀರಾ?”

“ಹೂಂ.”

ಅವಳು ಒಂದೊಂದನ್ನೂ ಡಿಸೇಬಲ್ ಮಾಡಿಸಿದಳು. ಮುಂದೆ ಗೌರಿಬಿದನೂರಿನ ಕೇಸರಿಬಾತನ್ನೂ ತಿಂದೆ, ಇನ್ನೊಂದು ಸೌಟು ಅಂದಾಗ ಅದಕ್ಕೂ ಹೂಂ ಅಂದೆ, ಮದುವೆಯೂ ಆಯಿತು. ಲ್ಯಾಪ್‌ಟಾಪು ಈಗ ಬಟನ್ ಒತ್ತಿದ ಕೂಡಲೇ ತೆರೆಯುತ್ತದೆ. ಅದು ತಮ್ಮ ಶಾಲಿನ ಗುಣ ಎಂದು ಮಾವ ದಿಬ್ಬೂರಹಳ್ಳಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ಪವಿತ್ರಳನ್ನು ಕೇಳಿದರು, ಇವನಲ್ಲಿ ಏನು ನೋಡಿ ಒಪ್ಪಿದೆಯಮ್ಮ ಎಂದು. ನಾನು ಪೇಪರಿನ ಹಿಂದೆ ಕಿವಿ ನೆಟ್ಟಗೆ ಮಾಡಿಕೊಂಡೆ. “ಆ ಲ್ಯಾಪ್‌ಟಾಪು ಅಷ್ಟೊತ್ತು ಸತಾಯಿಸಿದ್ರೂ ಅದಕ್ಕೆ ಒಂದು ಏಟೂ ಹಾಕಲಿಲ್ಲ,” ಅಂದಳು. ನನ್ನ ತಾಳ್ಮೆಯ ಬಗ್ಗೆ ನನಗೇ ಗೌರವ ಹುಟ್ಟಿತು. ನೆಂಟರು ಹೋದ ಮೇಲೆ, ನನ್ನ ತಾಳ್ಮೆ ನಿನಗೆ ಅಷ್ಟು ಹಿಡಿಸಿತೇ ಎಂದು ಸುಳಿದಾಡುತ್ತಾ ಕೇಳಿದೆ.

“ತಾಳ್ಮೆ ಎಲ್ಲಿತ್ತು? ವಾರಂಟಿ ಹೋಗ್ತದೆ ಅಂತ ಮಾವ ಅಂದಿದ್ದು ನಮಗೂ ಕೇಳಿಸ್ತು,” ಅಂದಳು ಪವಿತ್ರ. “ಎತ್ತಿದ ಕೈನ ಒಂದೇ ಮಾತಿಗೆ ಇಳಿಸಿದ್ರಲ್ಲ. ಹೇಳಿದ್ದು ಕೇಳ್ತಾರೆ ಅಂತ ಗೊತ್ತಾಯ್ತು. ಇನ್ನೇನು ಬೇಕು? ಹೋಗಿ, ಅಕ್ಕಿ ನೆನೆಹಾಕಿ ಬನ್ನಿ.”

ನಾನು ಹೂಂ ಎಂದು ಆಗಲೇ ಎದ್ದು ಅರ್ಧ ದಾರಿ ನಡೆದಿದ್ದೆ. ಒತ್ತಿದ ಕೂಡಲೇ ಶುರುವಾಗುವ ಸಾಮಾನು ನಮ್ಮ ಮನೆಯಲ್ಲಿ ಈಗ ಎರಡಿವೆ.