ಸಂಗಮನಾಥ ವಿಮಾನ ಇಳಿಸಿದ್ದು

ಸಂಗಮನಾಥನಿಗೆ ವಿಮಾನ ಹಾರಿಸಲು ಬರುತ್ತಿತ್ತು, ಇಳಿಸಲು ಬರುತ್ತಿರಲಿಲ್ಲ.

ವಿಮಾನವೆಂದರೆ ಕಂಪ್ಯೂಟರಿನೊಳಗಿನದು. ನಾಸಿಕದ ಅವನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಒಂದು ದೊಡ್ಡ ಪರದೆ, ವಿಮಾನದ್ದೇ ಮಾದರಿಯ ಸ್ಟೇರಿಂಗು, ಮೇಜಿನ ಕೆಳಗೆ ಕಾಲಿಗೆ ಎರಡು ಪೆಡಲು ಇದ್ದವು. ಭಾಲ್ಕಿಯಿಂದ ಬಂದು ಹನಿ ನೀರಾವರಿ ಪೈಪಿನ ಕಂಪನಿ ಸೇರಿದ್ದ ಆತ ಹಗಲೆಲ್ಲ ದಿಂಡೋರಿ, ನಿಫಾಡ್‌ನ ದ್ರಾಕ್ಷಿ ತೋಟಗಳಲ್ಲಿ ಬೈಕಿನ ಮೇಲೆ ಅಲೆದು, ಸಂಜೆ ಅದೇ ತೋಟಗಳ ಮೇಲೆ ವಿಮಾನದಲ್ಲಿ ಅಲೆಯುತ್ತಿದ್ದ. ಮೇಜು ಹೋದ ಮೇಲೆ ಗಂಡ ಹೆಂಡತಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು.

ಇಳಿಯುವಾಗ ಮಾತ್ರ ವಿಮಾನ ರನ್‌ವೇಗೆ ಬಡಿದು, ಕೈತಪ್ಪಿದ ತೆಂಗಿನಕಾಯಿಯಂತೆ ಪುಟಿದು, ಪಕ್ಕದ ಹುಲ್ಲಿಗೆ ಹೋಗಿ ಮಗುಚಿಕೊಳ್ಳುತ್ತಿತ್ತು. ಹೆಂಡತಿ ಪ್ರಿಯಾ ಅಡುಗೆಮನೆಯಿಂದಲೇ, "ಮಂದಿ ಯಾರರ ಉಳದಾರೇನ್ರಿ?" ಎಂದು ಕೇಳುತ್ತಿದ್ದಳು.

ಕೊನೆಗೆ ಅವನು ಇದೇ ಹವ್ಯಾಸದವರ ಇಂಟರ್‌ನೆಟ್ ಗುಂಪಿನಲ್ಲಿ ತನ್ನ ಕಷ್ಟ ತೋಡಿಕೊಂಡ. ಛತ್ರಪತಿ ಸಂಭಾಜಿನಗರದಿಂದ ಉತ್ತರ ಬಂತು. ಬರೆದವರು ಕ್ಯಾಪ್ಟನ್ ಮಹಿಬೂಬ. ಮೂಲ ಊರು ಆಳಂದ, ನಿಜವಾದ ವಿಮಾನ ಹಾರಿಸಿ ನಿವೃತ್ತರಾದವರು. ಇದು ಬರೆದು ಕಲಿಸುವ ವಿದ್ಯೆಯಲ್ಲ, ಬುಧವಾರ ನಾಸಿಕದ ಬೀಗರ ಮನೆಗೆ ಬರುವುದಿದೆ, ಪಕ್ಕದಲ್ಲಿ ಕೂತೇ ಹೇಳಿಕೊಡುತ್ತೇನೆ ಎಂದರು. ಆ ದಿನ ಪ್ರಿಯಾ ಕೂಡ ಚಾಂದವಡ್‌ನ ಚಿಕ್ಕಮ್ಮನ ಮನೆಗೆ ಹೋಗುವವಳಿದ್ದಳು. ಸಂಗಮನಾಥ ಪುಣೆಯ ಮ್ಯಾನೇಜರ್ ಜಯರಾಮರಿಗೆ ಬೆನ್ನುನೋವೆಂದು ಸಂದೇಶ ಕಳಿಸಿ ರಜೆ ಹಾಕಿದ.

ಬುಧವಾರ ಬೆಳಿಗ್ಗೆ ಕ್ಯಾಪ್ಟನ್ ಬಂದರು. ಚಹಾ ಕುಡಿದು, ಮೇಜನ್ನು ಒಂದು ಸುತ್ತು ಹಾಕಿ, ಅವನು ಒಂದು ಸಲ ವಿಮಾನ ಮಗುಚುವುದನ್ನು ನೋಡಿದರು.

"ನೀವು ಆಟ ಆಡ್ಲತ್ತೀರಿ. ಅದಕ್ಕೇ ವಿಮಾನನೂ ನಿಮ್ಮ ಜೋಡಿ ಆಟ ಆಡ್ಲತ್ತದ," ಎಂದರು.

ಮೊದಲು ಸೀಟ್ ಬೆಲ್ಟ್ ಎಲ್ಲಿ ಎಂದು ಕೇಳಿದರು. ಊಟದ ಮೇಜಿನ ಕುರ್ಚಿಗೆ ಬೆಲ್ಟ್ ಇರಲಿಲ್ಲ. ಪ್ರಿಯಾಳ ಹಳೆಯ ದುಪಟ್ಟಾ ಹುಡುಕಿ ಅವನನ್ನು ಕುರ್ಚಿಗೆ ಬಿಗಿದು, ಬೆನ್ನ ಹಿಂದೆ ಗಂಟು ಹಾಕಿದರು. ಕಟ್ಟಿಹಾಕಿದ ಮನುಷ್ಯನಿಗೆ ಮಾತ್ರ ನೆಲದ ಬೆಲೆ ತಿಳಿಯುತ್ತದೆ ಎಂಬುದು ಅವರ ಅನುಭವ. ಆಮೇಲೆ ಆಟವನ್ನು ನಡುವೆ ತಡೆದು ನಿಲ್ಲಿಸುವ ಕೀಬೋರ್ಡಿನ ಬಟನ್ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿದರು. ಆಕಾಶದಲ್ಲಿ ಈ ಬಟನ್ ಇರುವುದಿಲ್ಲವಂತೆ. ಕೊನೆಯದಾಗಿ, ಹತ್ತು ಸಾವಿರ ಅಡಿಯ ಕೆಳಗೆ ಪೈಲಟ್ ಆದವನು ಹಾರಾಟದ ಮಾತು ಬಿಟ್ಟು ಬೇರೆ ಮಾತಾಡಬಾರದು ಎಂದರು.

"ನಾವು ಎಷ್ಟು ಎತ್ತರದಾಗ ಹೋಗ್ತೀವ್ರಿ?" ಸಂಗಮನಾಥ ಕೇಳಿದ.

"ಐದೂವರೆ ಸಾವಿರ."

ಅಲ್ಲಿಗೆ ಸಂಗಮನಾಥನ ಮಾತು ನೆಲ ಬಿಡುವ ಮೊದಲೇ ಮುಗಿಯಿತು.

ನಾಸಿಕದಿಂದ ಸಂಭಾಜಿನಗರಕ್ಕೆ ಸಣ್ಣ ವಿಮಾನದಲ್ಲಿ ಸುಮಾರು ಒಂದು ತಾಸಿನ ಹಾದಿ. ನಾಸಿಕದ ವಿಮಾನ ನಿಲ್ದಾಣವಾದ ಓಝರ್‌ನ ರನ್‌ವೇಯಿಂದ ವಿಮಾನ ಚೆನ್ನಾಗಿಯೇ ಎದ್ದಿತು. ನಿಫಾಡ್‌ನ ತೋಟಗಳು ಕೆಳಗೆ ಸರಿಯುವ ಹೊತ್ತಿಗೆ ತೆರೆದ ಬಾಗಿಲಲ್ಲಿ ವಾರಿಜಾಕ್ಷಿಯಮ್ಮ ಕಾಣಿಸಿಕೊಂಡರು. ಅವರದು ಕಾರ್ಕಳದ ಕಡೆ. ಗಂಡ ಬೀದಿಯ ಮೂಲೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು, ಮನೆ ಮೇಲಿನ ಮಹಡಿಯಲ್ಲಿ.

"ಟ್ಯಾಂಕ್ ತುಂಬಿ ನೀರು ಹೋಗ್ತಾ ಉಂಟು. ನನ್ನ ಸಂಡಿಗೆ ಎಲ್ಲ ತೇಲ್ತಾ ಉಂಟು ಮಾರಾಯ್ರೆ. ಮೋಟರ್ ಬಂದ್ ಮಾಡಿ," ಎಂದರು.

ಆ ದಿನ ಕಟ್ಟಡದ ನೀರಿನ ಮೋಟರಿನ ಪಾಳಿ ಸಂಗಮನಾಥನದು. ಬೆಳಿಗ್ಗೆ ಹಚ್ಚಿದವನು ಮರೆತಿದ್ದ. ಮೋಟರ್ ಕೋಣೆಯ ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿ, ಜೇಬು ದುಪಟ್ಟಾದ ಅಡಿಯಲ್ಲಿ. ಅವನು ಬಾಯಿ ತೆರೆದ. ಕ್ಯಾಪ್ಟನ್ ಕಣ್ಣು ಪರದೆಯಿಂದ ಕೀಳದೆ ಒಂದು ಬೆರಳೆತ್ತಿದರು.

"ಅಕ್ಕೋರ, ವಿಮಾನ ಗಾಳ್ಯಾಗ ಅದ. ಇಳದ ಮ್ಯಾಲ ಮಾತಾಡೋಣ್ರಿ."

ವಾರಿಜಾಕ್ಷಿಯಮ್ಮ ಕ್ಯಾಪ್ಟನ್ ಒಬ್ಬರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಂಡಿಗೆ ಹೇಗೂ ಹೋಗಿದೆ, ಇದನ್ನಾದರೂ ನೋಡೋಣವೆಂದು ಒಳಗೆ ಬಂದು ನಿಂತರು. ಸಂಗಮನಾಥ ಕಣ್ಣಲ್ಲೇ ತನ್ನ ಜೇಬಿನ ಕಡೆ ತೋರಿಸಿದ. ಅವರಿಗೆ ಅದು ಹೊಟ್ಟೆ ತೊಳಸುವ ಲಕ್ಷಣದಂತೆ ಕಂಡಿತು. ಮೇಲೆ ಹೋಗಿ ಒಂದು ಪ್ಲಾಸ್ಟಿಕ್ ಚೀಲವನ್ನೂ ಲಿಂಬೆ ಉಪ್ಪಿನಕಾಯಿಯನ್ನೂ ತಂದು ಅವನ ಪಕ್ಕದಲ್ಲಿಟ್ಟರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಜಯರಾಮ ಸರ್. ಎತ್ತಬೇಡಿ ಎಂದು ಸಂಗಮನಾಥ ತಲೆಯನ್ನು ಜೋರಾಗಿ ಅಲ್ಲಾಡಿಸಿದ. ತನ್ನಿಂದ ಎತ್ತಲಾಗದು ಎನ್ನುತ್ತಿದ್ದಾನೆಂದು ತಿಳಿದು ವಾರಿಜಾಕ್ಷಿಯಮ್ಮ ಎತ್ತಿದರು.

"ಅವರಿಗೆ ಈಗ ಮಾತಾಡ್ಲಿಕ್ಕೆ ಆಗುದಿಲ್ಲ. ವಿಮಾನದಲ್ಲಿದ್ದಾರೆ. ಹೌದು, ಸಂಭಾಜಿನಗರಕ್ಕೆ. ಕ್ಯಾಪ್ಟನ್ ಇವರ ಪರಿಚಯದವರೇ, ಪಕ್ಕದಲ್ಲೇ ಕೂತಿದ್ದಾರೆ."

ಹಿನ್ನೆಲೆಯಲ್ಲಿ ಎಂಜಿನ್ನು ಗುಂಯ್‌ಗುಡುತ್ತಿತ್ತು. ಜಯರಾಮರು ವಾರಿಜಾಕ್ಷಿಯಮ್ಮನ ಕನ್ನಡ ಕೇಳಿ ನಿಮ್ಮದು ಯಾವ ಊರೆಂದು ವಿಚಾರಿಸಿದರು. ಅವರ ತಾಯಿಯ ಮನೆಯೂ ಕಾರ್ಕಳದ ಹತ್ತಿರವೇ. ವಿಮಾನ ಯೇವಲೆ ದಾಟಿ ವೈಜಾಪುರ ಮುಟ್ಟುವವರೆಗೆ ಅವರಿಬ್ಬರೂ ಕಾರ್ಕಳದಲ್ಲಿದ್ದರು. ದೂರದ ಸಂಬಂಧವೂ ಒಂದು ಸಿಕ್ಕಿತು. ಫೋನಿಡುವ ಹೊತ್ತಿಗೆ ಜಯರಾಮರು ಆಕೆಯ ಒಂದೇ ಒಂದು ಮಾತನ್ನೂ ಅನುಮಾನಿಸುವ ಸ್ಥಿತಿಯಲ್ಲಿರಲಿಲ್ಲ.

ಸಂಗಮನಾಥ ಎಲ್ಲವನ್ನೂ ಕೇಳಿಸಿಕೊಂಡ. ಬೆವರು ಕಣ್ಣಿಗಿಳಿಯಿತು. ಎದುರಿಗೆ ಸಂಭಾಜಿನಗರದ ರನ್‌ವೇ ಕಾಣಿಸತೊಡಗಿತ್ತು.

"ನೆಲಾ ನೋಡಬ್ಯಾಡ್ರಿ," ಎಂದರು ಕ್ಯಾಪ್ಟನ್ ಮೆಲ್ಲಗೆ. "ರನ್‌ವೇ ಆ ಕಡೀ ತುದಿ ನೋಡ್ರಿ. ಇಳಸ್ಲಾಕ ಹೋಗಬ್ಯಾಡ್ರಿ. ಹಿಡದು ಕೂಡ್ರಿ, ತಾನೇ ಇಳೀತದ."

ಸಂಗಮನಾಥ ದೂರದ ತುದಿಯನ್ನು ನೋಡಿದ. ಸ್ಟೇರಿಂಗನ್ನು ಕೂದಲೆಳೆಯಷ್ಟು ಎಳೆದು ಹಿಡಿದ. ಇಡ್ಲಿ ಪಾತ್ರೆಗೆ ಮುಚ್ಚಳ ಕೂತಂತೆ ಗಾಲಿಗಳು ನೆಲಕ್ಕೆ ಕೂತವು. ವಿಮಾನ ಪುಟಿಯಲಿಲ್ಲ, ಹುಲ್ಲಿಗೂ ಹೋಗಲಿಲ್ಲ, ನೆಟ್ಟಗೆ ಓಡಿ ನಿಂತಿತು. ಮೆಟ್ಟಿಲ ಮೇಲಿಂದ ನೀರು ಸುರಿಯುವ ಸದ್ದು ಬಿಟ್ಟರೆ ಮನೆಯೆಲ್ಲ ನಿಶ್ಶಬ್ದ. ಕ್ಯಾಪ್ಟನ್ ಶಾಬಾಸ್ ಎಂದರು. ಮದುವೆಯ ದಿನವೂ ಸಂಗಮನಾಥನಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಗಂಟು ಬಿಚ್ಚಿಸಿಕೊಂಡು ಮೋಟರ್ ನಿಲ್ಲಿಸಿ ಬಂದು, ಒದ್ದೆ ಕಾಲಿನಲ್ಲೇ ಜಯರಾಮರಿಗೆ ಫೋನ್ ಮಾಡಿದ. ಬೈಗುಳ ತಿನ್ನಲು ತಯಾರಾಗಿದ್ದ.

"ಇಳಿದ್ರಾ?" ಎಂದು ಕೇಳಿದರು ಜಯರಾಮರು, ಬಹಳ ಅಕ್ಕರೆಯಿಂದ. ಸಂಭಾಜಿನಗರದ ಡೀಲರು ಪೈಪು ಸೋರುತ್ತದೆಂದು ಬೆಳಿಗ್ಗೆಯಿಂದ ಜಗಳ ತೆಗೆದಿದ್ದನಂತೆ. ಯಾರನ್ನು ಕಳಿಸುವುದೆಂದು ಕೇಳಲಿಕ್ಕೇ ಫೋನ್ ಮಾಡಿದ್ದರಂತೆ. ನೋಡಿದರೆ ಸಂಗಮನಾಥ ಬೆನ್ನುನೋವಿನಲ್ಲೂ, ಯಾರೂ ಹೇಳುವ ಮೊದಲೇ, ವಿಮಾನ ಹತ್ತಿದ್ದಾನೆ. ಇಂಥ ಮನುಷ್ಯನನ್ನು ತಾವು ಇಷ್ಟು ದಿನ ಗುರುತಿಸಲಿಲ್ಲವೆಂದು ಅವರು ಬೇಸರಪಟ್ಟುಕೊಂಡರು.

ವಿಮಾನ ಸುಳ್ಳೆಂದರೆ ಬೆನ್ನುನೋವೂ ಸುಳ್ಳೆನ್ನಬೇಕಾಗುತ್ತಿತ್ತು. ಸಂಗಮನಾಥ, "ಹೌದ್ರಿ ಸರ್, ಈಗ ಇಳದೆ," ಎಂದ. ಆ ಮಟ್ಟಿಗೆ ಅದು ನಿಜವೂ ಆಗಿತ್ತು.

ಇನ್ನು ಡೀಲರನ್ನು ಕಾಣಲೇಬೇಕಿತ್ತು. ಪುಣ್ಯಕ್ಕೆ ಕ್ಯಾಪ್ಟನ್ ಅಂದೇ ಕಾರಿನಲ್ಲಿ ಸಂಭಾಜಿನಗರಕ್ಕೆ ಮರಳುವವರಿದ್ದರು, ಸಂಗಮನಾಥನೂ ಹತ್ತಿಕೊಂಡ. ಬೀಗರ ಮನೆಯಲ್ಲಿ ಒಂದು ಗಳಿಗೆ ಎಂದು ಇಳಿದವರು ಬಿರಿಯಾನಿ ಉಂಡೇ ಎದ್ದರು. ಆಮೇಲೆ ಹೆದ್ದಾರಿಯಲ್ಲಿ ಕಾರನ್ನು ಎಂಥ ಶಿಸ್ತಿನಿಂದ ನಡೆಸಿದರೆಂದರೆ, ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಮುಂದೆ ಹೋದವು. ಸ್ವಲ್ಪ ಜೋರಾಗಿ ಹೋಗಬಹುದೇ ಎಂದು ಸಂಗಮನಾಥ ಕೇಳಹೋದ. ಕಾರು ಕೂಡ ಹತ್ತು ಸಾವಿರ ಅಡಿಯ ಕೆಳಗೇ ಇದೆ ಎಂದು ಕ್ಯಾಪ್ಟನ್ ನೆನಪಿಸಿದರು.

ಸಂಭಾಜಿನಗರದ ಜಾಲನಾ ರಸ್ತೆಯಲ್ಲಿದ್ದ ಡೀಲರನ ಅಂಗಡಿ ಮುಟ್ಟುವಾಗ ದೀಪಗಳು ಹತ್ತಿದ್ದವು. ಡೀಲರು ಬೈದ. ಸಂಗಮನಾಥ ಬೈಸಿಕೊಂಡೇ ಪೈಪು ಬಿಚ್ಚಿ, ಉಲ್ಟಾ ಕೂತಿದ್ದ ವಾಷರನ್ನು ತಿರುಗಿಸಿ ಹಾಕಿದ. ಸೋರುವುದು ನಿಂತಿತು, ಬೈಗುಳವೂ ನಿಂತಿತು. ಈಗಷ್ಟೇ ಅಂಗಡಿಗೆ ಬಂದು ಸರಿಮಾಡಿದೆನೆಂದು ಹಗುರಾದ ಮನಸ್ಸಿನಿಂದ ಜಯರಾಮರಿಗೆ ಸುದ್ದಿ ಮುಟ್ಟಿಸಿದ.

ಆ ಕಡೆ ಗಂಟೆಗಳ ಲೆಕ್ಕ ನಡೆಯಿತು.

"ಬೆಳಿಗ್ಗೆ ಇಳಿದವರು ಅಂಗಡಿಗೆ ಸಂಜೆ ಮುಟ್ಟುದಾ? ಇಡೀ ದಿನ ಎಲ್ಲಿ ತಿರುಗ್ತಾ ಇದ್ರಿ?" ಎಂದರು ಜಯರಾಮರು. ಸಂಗಮನಾಥ ವಾಷರಿನ ಸುದ್ದಿಯನ್ನೇ ಇನ್ನೊಮ್ಮೆ ಹೇಳಿದ. "ಇರ್ಲಿ. ನಾಳೆಯಿಂದ ಎರಡೂ ಊರು ನೀವೇ ನೋಡಿಕೊಳ್ಳಿ. ಬೆಳಿಗ್ಗೆ ನಾಸಿಕ, ಊಟ ಆದ ಮೇಲೆ ಸಂಭಾಜಿನಗರ. ಒಂದು ಗಂಟೆಯ ದಾರಿ, ಕ್ಯಾಪ್ಟನ್ ಬೇರೆ ನಿಮ್ಮ ಪರಿಚಯದವರು."

"ಆಗ್ಲಿ ಸರ್," ಎಂದು ಫೋನಿಟ್ಟ ಸಂಗಮನಾಥ, ನಾಸಿಕಕ್ಕೆ ಕೊನೆಯ ಬಸ್ಸು ಎಷ್ಟಕ್ಕೆಂದು ಡೀಲರನ್ನು ಕೇಳಿದ. ಅದು ಈಗಷ್ಟೇ ಹೋಯಿತು ಎಂದ ಡೀಲರು.